ಹಾಲವ್ವನ ಮಾಡದಲ್ಲಿದ್ದ ತಂಬಿಗೆ

ಹುನ್ನೂರಿನ ಹಾಲವ್ವನಿಗೆ ಜಮಖಂಡಿಯ ಮಾಮಲೇದಾರರು ಶಾಲು ಹೊದಿಸಿದ್ದು ಬಾವಿಗೆ ಹಾರಿ ನನ್ನ ಜೀವ ಉಳಿಸಿದ್ದಕ್ಕೆ. ಊರ ಹಿರಿಯ ರಾಚಪ್ಪನವರಿಗೆ ಅದು ಸೇರಲಿಲ್ಲ. "ಈಜು ಬರತೈತಿ, ಜಿಗದಾಳ. ಇದಕ್ಯಾಕ ಶೌರ್ಯ ಅಂತೀರಿ?" ಎಂದರು. ಅವಳ ಶೌರ್ಯ ಯಾವುದೆಂದು ಕೊಟ್ಟವರಿಗೂ ತಿಳಿಯಲಿಲ್ಲ, ಬೇಡವೆಂದವರಿಗೂ ತಿಳಿಯಲಿಲ್ಲ. ಇಬ್ಬರ ಮೇಲೂ ನನಗಿನ್ನೂ ಸಿಟ್ಟಿದೆ.

ಹಾಲವ್ವ ಗಂಡನನ್ನು ಕಳೆದುಕೊಂಡವಳು. ನಮ್ಮ ಓಣಿಗೆಲ್ಲ ಇದ್ದ ಒಂದೇ ಪಾತಾಳಗರಡಿ ಅವಳದು. ಯಾರ ಕೊಡ ಬಾವಿಗೆ ಬಿದ್ದರೂ ಆ ಕಬ್ಬಿಣದ ಕೊಂಡಿಗಳ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಎತ್ತಬೇಕು. ಗರಡಿ ಒಯ್ಯುವವರು ಒಂದು ಪಾತ್ರೆಯನ್ನು ಅವಳ ಗೋಡೆಯಲ್ಲಿ ಕೊರೆದ ಮಾಡದಲ್ಲಿ ಒತ್ತೆ ಇಡಬೇಕು. ಅದು ಹಿಂದಿನಿಂದ ಬಂದ ಪದ್ಧತಿ. ಹಾಲವ್ವ ಸುಳ್ಳಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಮುಂಬೈ ಸರಕಾರದ ಕಾಲ. ನಾನು ಮುಧೋಳದಿಂದ ಸೊಸೆಯಾಗಿ ಬಂದ ಹೊಸತು. ಒಂದು ಬೆಳಿಗ್ಗೆ ಅತ್ತೆ ಕೆಂಪವ್ವನ ತವರಿನ ತಾಮ್ರದ ಕೊಡ ನನ್ನ ಕೈಜಾರಿ ಬಾವಿಗೆ ಬಿತ್ತು. ಗರಡಿ ಬೇಕೆಂದರೆ ಒತ್ತೆ ಇಡಬೇಕು, ಮನೆಯ ಪಾತ್ರೆ ಒತ್ತೆ ಇಟ್ಟರೆ ಅತ್ತೆಗೆ ತಿಳಿಯುತ್ತದೆ. ಹುಚ್ಚಿ ನಾನು, ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಪಾಚಿಗಟ್ಟಿದ ಮೆಟ್ಟಿಲು ಇಳಿದೆ. ಕಾಲು ಜಾರಿತು.

ಕೂಗು ಕೇಳಿ ಓಡಿಬಂದ ಹಾಲವ್ವ ಹಾರಿ ನನ್ನನ್ನು ಎಳೆದು ತಂದಳು. ಸೀರೆ ಬದಲಿಸಲು ತನ್ನ ಮನೆಗೇ ಕರೆದೊಯ್ದಳು. ಅಷ್ಟರಲ್ಲಿ ಓಣಿಯವರೆಲ್ಲ ಅಲ್ಲಿ ಸೇರಿದರು, ಅತ್ತೆಯೂ ಬಂದಳು.

"ನಮ್ಮ ಮನಿ ಮಾನ ಕಳ್ಯಾಕ ಬಾವಿ ಹಾರ್‍ಯಾಳ ಈ ಶೇವಂತಿ. ಇವತ್ತ ಮುಧೋಳಕ್ಕ ಕಳಸ್ತೇನಿ," ಎಂದಳು.

"ಇಲ್ರಿ ಅತ್ತಿ, ಕೊಡ ತಗಿಯಾಕ ಇಳದಿದ್ನಿರಿ," ಎಂದೆ. ಯಾರು ನಂಬುತ್ತಾರೆ? ಗರಡಿ ಇರುವ ಓಣಿಯಲ್ಲಿ ಕೊಡಕ್ಕಾಗಿ ಬಾವಿಗಿಳಿಯುವವರಿಲ್ಲ. ಬಾವಿ ಹಾರಿದವಳೆಂದು ಹೆಸರಾದರೆ ತವರಿನಲ್ಲೂ ನನಗೆ ನೆಲೆಯಿರಲಿಲ್ಲ.

"ಖರೆ ಹೇಳಾಕತ್ತಾಳ," ಎಂದಳು ಹಾಲವ್ವ. "ಗರಡಿ ಕೇಳಾಕ ನನ್ನ ಕಡೆ ಬಂದಿದ್ಲು. ಮಾಡದಾಗ ನೋಡು ಕೆಂಪವ್ವ, ಒತ್ತಿ ಇಟ್ಟ ನಿಮ್ಮ ತಂಬಿಗಿ. ನೀ ಮುಂದ ಹೋಗು, ನಾ ತರ್ತೇನಿ ಅಂದಿದ್ನಿ. ಕೊಡ ಎಲ್ಲಿ ಬಿದ್ದೈತಂತ ನೋಡೂವಾಗ ಜಾರ್‍ಯಾಳ."

ನಾನು ಅವಳ ಮನೆಗೆ ಬಂದೇ ಇರಲಿಲ್ಲ. ಕಟ್ಟೆಯ ಮೇಲೆ ನಾನು ಕೆಮ್ಮುತ್ತ, ಕೊಡ ಬಿದ್ದದ್ದನ್ನು ಹೇಳುತ್ತ ಬಿದ್ದಿದ್ದಾಗ ಪುಣ್ಯಾತ್ಗಿತ್ತಿ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿಟ್ಟಿದ್ದಳು. ಬಾವಿಗೆ ಹಾರಿದ್ದು ಅವಳಿಗೆ ನಿಜಕ್ಕೂ ದೊಡ್ಡದಲ್ಲ, ರಾಚಪ್ಪನವರು ಅಷ್ಟರಮಟ್ಟಿಗೆ ಸರಿ. ಆದರೆ ಈ ಸುಳ್ಳು ಸಿಕ್ಕಿಬಿದ್ದಿದ್ದರೆ ಸಾಯುವತನಕ ಅವಳನ್ನು ಯಾರೂ ನಂಬುತ್ತಿರಲಿಲ್ಲ. ಅದಕ್ಕೆ ಯಾರು ಶಾಲು ಹೊದಿಸಿದರು?

ಅತ್ತೆ ಮಾಡದಿಂದ ತಂಬಿಗೆ ಎತ್ತಿಕೊಂಡಳು. ತಳದಲ್ಲಿ ಬಾವಿಯ ನೀರಿತ್ತು. ನೀರಿರುವ ಪಾತ್ರೆಯನ್ನು ಯಾರೂ ಒತ್ತೆ ಇಡುವುದಿಲ್ಲ. ಅತ್ತೆ ಹಾಲವ್ವನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

ಅತ್ತೆ ಬಾಗಿಲಿಗೆ ಹೋಗಿ ಆ ನೀರನ್ನು ಅಂಗಳಕ್ಕೆ ಚೆಲ್ಲಿದಳು. ತಿರುಗಿ ಬಂದು ತಂಬಿಗೆಯನ್ನು ಅದೇ ಮಾಡದಲ್ಲಿ ಇಟ್ಟಳು.

"ಒತ್ತಿ ಇಲ್ಲೇ ಇರಲಿ ಹಾಲವ್ವ, ಗರಡಿ ಕೊಡು," ಎಂದಳು. "ನಡಿ ಶೇವಂತಿ, ಇಬ್ಬರೂ ಕೂಡಿ ಕೊಡ ತಗಿಯೂಣು."