ಮೀಟರ್ ಮೇಷ್ಟ್ರ ಕಾರು

ನಮ್ಮ ಬೀದಿಯಲ್ಲಿ ಅಪ್ಪನಿಗೆ ಮೀಟರ್ ಮೇಷ್ಟ್ರು ಎಂದೇ ಹೆಸರು. ಮೂವತ್ತು ವರ್ಷ ಕಾರುಗಳ ಕರೆಂಟ್ ಕೆಲಸ ಮಾಡಿದರೂ ಮೀಟರ್ ಇಟ್ಟು ನೋಡದೆ ಬಾಯಿ ಬಿಡುವವರಲ್ಲ. ನಾನು ಅಂಗಡಿಗೆ ಸೇರಿದ ಮೊದಲ ವಾರ, ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಬಿಚ್ಚಿ ಚಾರ್ಜ್ ಬರುತ್ತಿದೆಯೇ ಎಂದು ನೋಡಲು ಹೋಗಿ ಚೆನ್ನಾಗಿ ಬೈಸಿಕೊಂಡಿದ್ದೆ.

"ಹಳೇ ಗಾಡಿಗಾದ್ರೆ ಸರಿ. ಈಗಿನದಕ್ಕೆ ಹಾಗೆ ಮಾಡಿದ್ರೆ ಒಳಗಿನ ಕಂಪ್ಯೂಟರ್ ಸುಟ್ಟು ಕರಕಲಾಗುತ್ತೆ, ಮಹಾತಾಯಿ!"

ಇವತ್ತು ಬೆಳಿಗ್ಗೆ ನಮ್ಮದೇ ಕಾರು ಅಂಗಡಿಯ ಮುಂದೆ ಕೆಟ್ಟು ನಿಂತಿತು. ಓಡಿಸುತ್ತಿದ್ದವರು ಅಪ್ಪ, ಪಕ್ಕದಲ್ಲಿ ಅಮ್ಮ. ಹತ್ತು ಗಂಟೆಗೆ ಅವಳ ಡಯಾಲಿಸಿಸ್. ಕಾಲು ಊದಿತ್ತು, ಮಾತಿಗೊಮ್ಮೆ ಏದುಸಿರು. ಬಾಡಿಗೆ ಗಾಡಿಯವನು ಒಂದು ಗಂಟೆಯಾಗುತ್ತದೆ ಎಂದ.

ಬೇರೆ ಬ್ಯಾಟರಿ ಸೇರಿಸಿ ಇಂಜಿನ್ ಎಬ್ಬಿಸಿದೆ. ಸ್ಟೇರಿಂಗ್ ಹಿಂದಿನ ಕೆಂಪು ದೀಪ ಆರಲಿಲ್ಲ. ಅಂದರೆ ಬ್ಯಾಟರಿಗೆ ಚಾರ್ಜ್ ಹೋಗುತ್ತಿಲ್ಲ.

"ಎಷ್ಟು ದಿನದಿಂದ ಉರೀತಿದೆ ಅಪ್ಪಾ, ಈ ದೀಪ?"

"ಯಾವ ದೀಪ?"

ಅವರ ಕೈಗೆ ಮೀಟರ್ ಕೊಟ್ಟು ಬ್ರಷ್ ತರಲು ಒಳಗೆ ಹೋದೆ. ಬಂದು ನೋಡಿದರೆ ಮೀಟರ್ ಪಕ್ಕದಲ್ಲಿ ಬಿದ್ದಿದೆ. ಅಪ್ಪ ಓಡುವ ಇಂಜಿನ್‌ನಲ್ಲೇ ಬ್ಯಾಟರಿ ವೈರ್‌ಗೆ ಸ್ಪ್ಯಾನರ್ ಹಾಕಿದ್ದಾರೆ! ಹಾರಿ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದೆ. ಮೀಟರ್‌ನ ವೈರ್‌ಗಳನ್ನು ಬ್ಯಾಟರಿಗೆ ಒತ್ತಿ ಹಿಡಿದು, ಮೀಟರ್ ಅವರ ಕೈಗಿಟ್ಟೆ.

"ಮೀಟರ್ ಇತ್ತಲ್ಲಪ್ಪಾ! ಎಷ್ಟು ತೋರಿಸ್ತಿದೆ, ಓದಿ."

ಅದನ್ನು ಮೂಗಿನ ತನಕ ತಂದರು, ಓರೆಯಾಗಿ ಹಿಡಿದರು.

"ಬಿಸಿಲು ಕಣೇ."

ನಾವು ನೆರಳಲ್ಲಿ ನಿಂತಿದ್ದೆವು. ವಾರಕ್ಕೆ ಮೂರು ಸಲ ಅಮ್ಮನನ್ನು ಆ ಗಿಜಿಗುಡುವ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಕರೆದೊಯ್ಯುತ್ತಿದ್ದವರು ಇವರೇ. ಅದೂ ಮೀಟರಿನ ಅಂಕಿ ಓದಲಾಗದ ಕಣ್ಣಲ್ಲಿ.

ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ನ ಹಿಂದಿನ ಪ್ಲಗ್‌ಗೆ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ ಸಿಕ್ಕಿಸಿ ಇಂಜಿನ್ ಎಬ್ಬಿಸಿದಾಗ ದೀಪ ಆರಿತು. "ಹದಿನಾಲ್ಕು ಪಾಯಿಂಟ್ ಎರಡು ವೋಲ್ಟ್. ಚಾರ್ಜ್ ಹೋಗ್ತಿದೆ," ಎಂದು ನಾನೇ ಓದಿ ಹೇಳಿದೆ. ಅಪ್ಪ ಹಿಂದಿನ ಸೀಟಿಗೆ ಹೋಗಿ ಕೂತರು.

ಕಾರು ಹೊರಟಿತು. ಮುಂದೆ ನನ್ನ ಪಕ್ಕ ಕೂತ ಅಮ್ಮ, ಅಪ್ಪ ಓಡಿಸುವಾಗ ಹೇಳುವಂತೆಯೇ ಶುರುಮಾಡಿದಳು: "ಸಿಗ್ನಲ್ ಕೆಂಪಾಯ್ತು. ಎಡಕ್ಕೆ ಸೈಕಲ್ ಬಂತು." ಆರು ತಿಂಗಳಿಂದ ಇದನ್ನು ಅಮ್ಮನ ಕಾಮೆಂಟರಿ ಎಂದು ಗೇಲಿ ಮಾಡುತ್ತಿದ್ದವಳು ನಾನು. ಇವತ್ತು ನಗು ಬರಲಿಲ್ಲ.

"ನಿಂಗೆ ಗೊತ್ತಿತ್ತಾ ಅಮ್ಮಾ? ಮತ್ತೆ ಆ ದೀಪದ ವಿಷಯ ಯಾಕೆ ಹೇಳ್ಲಿಲ್ಲ?"

"ನಾನು ರಸ್ತೆ ನೋಡ್ತಿದ್ದೆ ಕಣೇ," ಎಂದಳು ಅಮ್ಮ. "ದೀಪ ಎಲ್ಲಿ ನೋಡ್ಲಿ?"