ಕರಿಬಸಯ್ಯನ ಡಬ್ಬಿ, ಗ್ಯಾನಮ್ಮನ ಮೊಳ

ಲಿಂಗಸುಗೂರಿನ ಕರಿಬಸಯ್ಯನವರು ಸರ್ವೇ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಳತೆಯ ಚೈನು ಎಳೆದರು. ಮಸ್ಕಿಯ ಗುಡ್ಡದ ಬುಡದಿಂದ ಸಿಂಧನೂರಿನ ಕಾಲುವೆ ದಂಡೆಯವರೆಗೆ ಅವರ ಚೈನು ಮಲಗಿ ಏಳದ ಹೊಲವಿಲ್ಲ. ಒಂದು ತುದಿ ಹಿಡಿದು ಜಾಲಿಮುಳ್ಳಿನೊಳಗೆ ನುಗ್ಗುವುದು ಅಯ್ಯನವರ ಕೆಲಸ. ಮರದ ನೆರಳಿನಲ್ಲಿ ನಿಂತು "ಎಷ್ಟಾತೋ ಅಯ್ಯಾ?" ಎಂದು ಕೂಗುವುದು ಸರ್ವೇಯರ್ ಸಾಹೇಬರ ಕೆಲಸ. ಇವರು ಮೂರೂವರೆ ಚೈನನ್ನು ಇಲಾಖೆಯ ರೂಢಿಯಂತೆ "ಮೂರು ಚೈನು ಎಂಟಾಣೆ ರೀ" ಅನ್ನುವರು, ಅವರು ಬರೆದುಕೊಳ್ಳುವರು, ಕೆಳಗೆ "ಅಳತೆ ತಾಳೆಯಾಗಿದೆ" ಎಂದು ಸಹಿ ಜಡಿಯುವರು. ಎಂಬತ್ತೇಳನೇ ಇಸವಿಯಲ್ಲಿ ಅಯ್ಯನವರು ನಿವೃತ್ತರಾದಾಗ ಕೊರಳಿಗೆ ಹಾರ ಬಿತ್ತು. ಮೂರು ಊರುಗಳ ಸೀಮೆಯನ್ನು ಅಳೆದವರ ಕೈಬರಹ ಮಾತ್ರ ಒಂದು ಕಾಗದದ ಮೇಲೂ ಬಿದ್ದಿರಲಿಲ್ಲ.

ಕೈ ಸುಮ್ಮನಿರಲಿಲ್ಲ. ಅಂಗಳ ಅಳೆದರು, ಅಟ್ಟ ಅಳೆದರು, ಪಕ್ಕದ ಮನೆಯವರ ಗೋಡೆ ಅರ್ಧ ಅಡಿ ಇತ್ತ ಬಂದಿದೆ ಎಂದು ಕಂಡುಹಿಡಿದು ಹತ್ತು ವರ್ಷದ ಸ್ನೇಹ ಕಳೆದುಕೊಂಡರು. ಒಂದು ಮಧ್ಯಾಹ್ನ ಗಂಗಾಳದ ಮುಂದೆ ಕೂತವರ ಕಣ್ಣು ರೊಟ್ಟಿಯ ಅಂಚಿನ ಸುತ್ತ ಸುಳಿದಾಡುವುದನ್ನು ಹೆಂಡತಿ ಬಸವಣ್ಣೆಮ್ಮ ನೋಡಿಬಿಟ್ಟಳು.

"ರೊಟ್ಟಿ ತಿನ್ನಾಕ ಮಾಡೀನಿ ರೀ, ಪಹಣಿ ಮಾಡಿಸಾಕಲ್ಲ. ಊಟ ಮಾಡಿ ಎಲ್ಲಾರ ಹೊರಗ ಹೋಗ್ರಿ."

ಹೊರಗೆ ಅಂದರೆ ಪುರಸಭೆಯ ಪಾರ್ಕು. ಅಲ್ಲಿಯ ಬೆಂಚಿನ ಮೇಲೆ ಅಯ್ಯನವರಿಗೆ ಹಳೆಯದೊಂದು ನೆನಪಾಯಿತು. ಸಿಂಧನೂರಿನಲ್ಲಿ ಸ್ಕೌಟಿನವರು ಒಂದು ಆಟ ಆಡುತ್ತಿದ್ದರು: ಒಬ್ಬ ವಸ್ತು ಬಚ್ಚಿಟ್ಟು ಗುರುತಿನ ಚೀಟಿ ಬರೆದಿಡುವುದು, ಉಳಿದವರು ಚೀಟಿ ಹಿಡಿದು ಹುಡುಕುವುದು. ಚೀಟಿ ಬರೆಯುವುದು! ಅಂದರೆ ಅಳತೆ ತನ್ನದು, ಬರಹವೂ ತನ್ನದು. ಆ ಅಳತೆ ನಂಬಿ ಒಬ್ಬರು, ಒಬ್ಬರೇ ಒಬ್ಬರು, ಸರಿಯಾದ ಜಾಗಕ್ಕೆ ಬಂದು ನಿಂತರೆ ಸಾಕು, ಜನ್ಮ ತಾಳೆಯಾದಂತೆ.

ಬಿಸ್ಕೀಟಿನ ತಗಡಿನ ಡಬ್ಬಿಯೊಂದರಲ್ಲಿ ನೋಟುಬುಕ್ಕು, ಪೆನ್ಸಿಲ್ಲು, ತಲೆ ಬಾಚುವ ಒಂದು ಹಣಿಗೆ, ಎರಡು ಗೋಲಿ ಇಟ್ಟರು. ಮೊದಲ ಹಾಳೆಯಲ್ಲಿ ನಿಯಮ ಬರೆದರು. ಸಿಕ್ಕವರು ಹೆಸರು ಬರೆಯಬೇಕು. ಒಂದು ವಸ್ತು ತೆಗೆದುಕೊಂಡರೆ ಒಂದು ಇಡಬೇಕು. ನೆಲ ಅಗೆಯಬಾರದು, ಗಿಡ ತುಳಿಯಬಾರದು, ಡಬ್ಬಿ ಇದ್ದಲ್ಲೇ ಇಟ್ಟು ಕಲ್ಲು ಮುಚ್ಚಬೇಕು.

ಪಾರ್ಕಿನ ಮಾಲಿ ದ್ಯಾವಪ್ಪ ನಿಯಮ ಓದಿಸಿ ಕೇಳಿದ. ಪಾರ್ಕು ಪುರಸಭೆಯದಾದರೂ ಅದರೊಳಗಿನ ದಾಸವಾಳ ಅವನ ಸ್ವಂತ ಮಕ್ಕಳಿದ್ದಂತೆ.

"ಆಟ ಆಡ್ರಿ ಅಯ್ಯಾರ, ಬ್ಯಾಡನ್ನಂಗಿಲ್ಲ. ಯುಗಾದಿ ತನಕ ನೋಡ್ತೀನಿ. ಒಬ್ಬರೂ ಬರಲಿಲ್ಲಂದ್ರ ಡಬ್ಬಿ ಹೊರಗ. ಬಂದವರು ನನ್ನ ಗಿಡ ಹಾಳು ಮಾಡಿದ್ರಂದ್ರ ಡಬ್ಬಿ ಸಂಗಾಟ ನೀವೂ ಹೊರಗ."

ಒಪ್ಪಂದವಾಯಿತು. ಬೇವಿನ ಮರದ ಬೇರಿನ ಪೊಟರೆಯಲ್ಲಿ ಡಬ್ಬಿ ಕೂತಿತು, ಮೇಲೊಂದು ಚಪ್ಪಟೆ ಕಲ್ಲು ಕೂತಿತು. ಪಾರ್ಕಿನ ವಾಚನಾಲಯದ ಹಲಗೆಯ ಮೇಲೆ ಚೀಟಿ ಹತ್ತಿತು: "ಗೇಟಿನ ಬಲಗಂಬದಿಂದ ನೇರ ಎರಡು ಚೈನು, ಎಡಕ್ಕೆ ತಿರುಗಿ ಒಂದು ಚೈನು, ಕಲ್ಲಿನ ಕೆಳಗೆ. ಚೈನಿಗೆ ಮೂವತ್ಮೂರು ಫೂಟು, ಅಂದರೆ ಇಪ್ಪತ್ತೆರಡು ಮೊಳ."

ಎಲ್ಲ ಸರಿಯಿತ್ತು, ಒಂದು ತಪ್ಪಿನ ಹೊರತು. ಇಲಾಖೆಯಲ್ಲಿ ಕಲ್ಲು ನೆಟ್ಟರೆ ಸುಣ್ಣ ಬಳಿಯುವುದು ಪದ್ಧತಿ. ಮೂವತ್ತೊಂದು ವರ್ಷ ಬಳಿದ ಕೈ, ಬಚ್ಚಿಟ್ಟ ಡಬ್ಬಿಯ ಕಲ್ಲಿಗೂ ಎರಡು ಕೋಟು ಬಳಿದು ಮನೆಗೆ ಬಂತು. ಗುಟ್ಟಿಗೆ ಬೋರ್ಡು ಹಾಕಿದಂತಾಯಿತು.

ಚೀಟಿ ಓದಿದವರು ಪೇಪರಿನ ರಾಶಿಭವಿಷ್ಯದ ಕಡೆ ತಿರುಗಿದರು. ಹದಿನೈದು ದಿನ ಯಾರೂ ಬರಲಿಲ್ಲ. ಹದಿನಾರನೆಯ ದಿನ ಬೆಳಿಗ್ಗೆ ಅಯ್ಯನವರು ನೋಡುತ್ತಾರೆ, ಬೇವಿನ ಬುಡದ ಬಿಳಿಕಲ್ಲಿಗೆ ಢಾಳಾಗಿ ಕುಂಕುಮ! ಮಂಗಳವಾರ ಊದಿನಕಡ್ಡಿ ಬಂತು, ಅಮಾವಾಸ್ಯೆಗೆ ಐದು ತೆಂಗಿನಕಾಯಿ ಒಡೆದವು. ಯಾರದೋ ಎಮ್ಮೆ ಸುಸೂತ್ರ ಈದು ದೇವರ ಕೀರ್ತಿ ಗುರುಗುಂಟಾ ಊರಿನವರೆಗೂ ಮುಟ್ಟಿತು. ಭಕ್ತರು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರೇ ಹೊರತು ಎತ್ತುವ ಧೈರ್ಯ ಯಾರಿಗಿದೆ? ಅಯ್ಯನವರು ಡಬ್ಬಿ ನೋಡಲು ಹೋದರೆ "ಅಯ್ಯಾರು ಬಂದ್ರು, ಮಂಗಳಾರತಿ ಮಾಡ್ತಾರ" ಎಂದು ಕೈಗೆ ಕರ್ಪೂರದ ತಟ್ಟೆ ಕೊಡುತ್ತಿದ್ದರು. ಹುಟ್ಟಿನಿಂದ ಜಂಗಮ ಅಯ್ಯನವರು, ಪೂಜೆಗೆ ಇಲ್ಲ ಅನ್ನುವುದು ಹೇಗೆ? ತಾವೇ ಬಚ್ಚಿಟ್ಟ ಬಿಸ್ಕೀಟು ಡಬ್ಬಿಗೆ ತಾವೇ ಮಂಗಳಾರತಿ ಎತ್ತಿದರು.

ಯುಗಾದಿಗೆ ಮೂರು ದಿನವಿದೆ ಅನ್ನುವಾಗ ದ್ಯಾವಪ್ಪ ಗುದ್ದಲಿ ಹೆಗಲಿಗೇರಿಸಿಕೊಂಡು ಅಯ್ಯನವರ ಮನೆ ಬಾಗಿಲಿಗೆ ಬಂದ.

"ನಡೀರಿ ಅಯ್ಯಾರ, ಪಾರ್ಕಿಗೆ. ದಾಸವಾಳದಾಗ ಒಂದು ಮೊಗ್ಗು ಉಳಿದಿಲ್ಲ. ಎಲ್ಲಾ ನಿಮ್ಮ ದೇವರ ತಲೀ ಮ್ಯಾಲ ಕುಂತಾವ."

"ನನ್ನ ದೇವರಲ್ಲೋ ಮಾರಾಯಾ, ನನ್ನ ಡಬ್ಬಿ."

"ಡಬ್ಬಿ ನಿಮ್ದು, ಕಲ್ಲು ನಿಮ್ದು, ಸುಣ್ಣ ನಿಮ್ದು. ದೇವರು ಮಾತ್ರ ಮಂದೀದಾ?"

ಪಾರ್ಕಿನ ಗೇಟಿನಲ್ಲಿ ಹೂ ಮಾರುವ ಗ್ಯಾನಮ್ಮ ಬುಟ್ಟಿ ಬಿಟ್ಟು ಎದ್ದು ಹಿಂದೆಯೇ ಬಂದಳು. ದ್ಯಾವಪ್ಪ ಅವಳ ಕಡೆ ತಿರುಗಿದ.

"ಎಲ್ಲಾ ನಿಂದ ಕಿತಾಪತಿ. ಹೂವಿನ ಯಾಪಾರ ಆಗ್ಲಿ ಅಂತ ದೇವರನ್ನ ಹುಟ್ಟಿಸೀಯಲ್ಲ?"

"ಅಯ್ಯ, ಎಲ್ಲೀ ಯಾಪಾರೋ ಯಣ್ಣ? ಪುಕ್ಕಟೆ ನಿನ್ನ ದಾಸವಾಳ ಇರಬೇಕಾದ್ರ ನನ್ನ ಮಲ್ಲಿಗಿ ಯಾರು ಮೂಸ್ತಾರ?"

ಅಯ್ಯನವರು ಬೇವಿನ ಬುಡದಲ್ಲಿ ಕೈಮುಗಿದು ನಿಂತರು. ಇಂದಿಗೆ ಆಟ ಮುಗಿಯಿತು. ಯಾರೂ ಬರಲಿಲ್ಲ, ಗಿಡವೂ ಉಳಿಯಲಿಲ್ಲ. ಸೋತ ಮುಖದಲ್ಲಿ ಕಲ್ಲೆತ್ತಿ ಡಬ್ಬಿ ತೆಗೆದರು, ಮುಚ್ಚಳ ಬಿಚ್ಚಿದರು. ಹಣಿಗೆ ಇರಲಿಲ್ಲ. ಆ ಜಾಗದಲ್ಲಿ ಹೂ ಕಟ್ಟುವ ದಾರದ ಉಂಡೆಯಿತ್ತು. ನೋಟುಬುಕ್ಕಿನ ಎರಡನೆಯ ಹಾಳೆಯಲ್ಲಿ ಕೆಂಪಗೆ, ಕುಂಕುಮದಲ್ಲಿ ಅದ್ದಿ ಒತ್ತಿದ ಒಂದು ಹೆಬ್ಬೆಟ್ಟು.

ಅಯ್ಯನವರು ಗ್ಯಾನಮ್ಮನ ತಲೆ ನೋಡಿದರು. ತುರುಬಿನಲ್ಲಿ ಹಣಿಗೆ ಸಿಕ್ಕಿಸಿತ್ತು.

"ನೀನಾ? ಹ್ಯಾಂಗ ಹುಡುಕಿದಿ?"

"ನೀವ ಬರದೀರಲ್ಲ ಅಯ್ಯಾರ. ವಾಚನಾಲಯದ ವೆಂಕೋಬ ಓದಿ ಹೇಳಿದ. ಇಪ್ಪತ್ತೆರಡು ಮೊಳಂತ. ಹುಟ್ಟಿದಾಗಿಂದ ಮೊಳ ಹಾಕಾಕತ್ತೀನಿ, ನನಗ ಚೈನು ಯಾಕ? ದಾರ ಹಿಡಕೊಂಡು ಅಳಕೋತ ಬಂದೆ. ಎರಡು ಸಲ ಗುಲಾಬಿ ಮುಳ್ಳಾಗ ಹೋಗಿ ನಿಂತೆ, ಅಳತಿ ಸಾಲಲಿಲ್ಲ. ಆಮ್ಯಾಲ ನೆಪ್ಪಾತು." ಅವಳು ದನಿ ತಗ್ಗಿಸಿದಳು. "ನಾ ಗಿರಾಕಿಗೆ ಹಾಕೋ ಗಿಡ್ಡ ಮೊಳ ಹಾಕಿದ್ದೆ. ಮೂರನೇ ಸಲ ಧರ್ಮದ ಮೊಳ ಹಾಕಿದೆ ನೋಡ್ರಿ, ಸೀದಾ ಕಲ್ಲಿಗೇ ಬಂತು."

ದ್ಯಾವಪ್ಪನ ಹೆಂಡತಿ ಹತ್ತು ವರ್ಷದಿಂದ ಇವಳ ಹತ್ತಿರವೇ ಹೂ ಕೊಳ್ಳುವವಳು. ಅವನು ಬಾಯಿ ತೆರೆದ. ಗ್ಯಾನಮ್ಮ ಬಿಡಲಿಲ್ಲ.

"ಹೊಳ್ಳಿ ಇದ್ದಂಗ ಮುಚ್ಚಿಟ್ಟೆ. ಆದ್ರ ಬಸ್ಸಿಳಿದ ಗಂಡಸರು ಈ ಬೇವಿನ ಬುಡದಾಗ ಏನು ಮಾಡ್ತಾರಂತ ನಿಮಗ ಗೊತ್ತಿಲ್ಲೇನು? ಡಬ್ಬಿ ನೆನೀತದಂತ ಒಂಚೂರು ಕುಂಕುಮ ಹಚ್ಚಿದೆ. ದೇವರು ಆಗ್ತಾನಂತ ನಾ ಏನು ಕನಸ ಕಂಡಿದ್ನಾ?"

"ಈಗ ನನ್ನ ಗಿಡದ ಗತಿ?" ಎಂದ ದ್ಯಾವಪ್ಪ.

"ಅದನ್ನ ನನಗ ಬಿಡು. ಈ ದೇವರಿಗೆ ಕದ್ದ ಹೂವಂದ್ರ ಕೆಂಡದಂಥಾ ಸಿಟ್ಟು. ಡಬ್ಬ್ಯಾಗಿನ ಬುಕ್ಕಿನ್ಯಾಗ ಹೆಸರು ಬರದ್ರ ಸಾಕು, ಒಲೀತಾನ. ನಾಳಿಂದ ಗೇಟಿನ್ಯಾಗ ಕುಂತು ನಾನ ಹೇಳ್ತೀನಿ."

ದ್ಯಾವಪ್ಪ ಬೋಳು ದಾಸವಾಳ ನೋಡಿದ, ಹೆಬ್ಬೆಟ್ಟು ನೋಡಿದ. ಯುಗಾದಿಯೊಳಗೆ ಒಬ್ಬಳು ಬಂದಿದ್ದಂತೂ ನಿಜ, ಮುಳ್ಳಲ್ಲಿ ನಿಂತರೂ ಗಿಡ ತುಳಿಯದೆ ಬಂದಿದ್ದೂ ನಿಜ. "ಮುಂದಿನ ಯುಗಾದಿ ತನಕ ನೋಡ್ತೀನಿ" ಎಂದು ಗುದ್ದಲಿ ಇಳಿಸಿದ. "ಖರೇ, ಸುಣ್ಣದ ಗಡಿಗಿ ನನ್ನ ಕೈಯಾಗ ಕೊಡ್ರಿ ಅಯ್ಯಾರ."

ಅಯ್ಯನವರಿಗೆ ಅದು ಕೇಳಿಸಿರಲಿಲ್ಲ. ನೆಲದ ಮೇಲೆ ಕೂತು ಪೆನ್ಸಿಲ್ಲಿನ ಮೊನೆ ನಾಲಿಗೆಗೆ ಮುಟ್ಟಿಸಿ, ಕೆಂಪು ಹೆಬ್ಬೆಟ್ಟಿನ ಪಕ್ಕ ದಪ್ಪ ಅಕ್ಷರದಲ್ಲಿ "ಗ್ಯಾನಮ್ಮ, ಹೂವಿನವಳು" ಎಂದು ಬರೆದರು. ಆಮೇಲೆ, ಮೂವತ್ತೊಂದು ವರ್ಷ ಇನ್ನೊಬ್ಬರ ಕೈಯಲ್ಲಿ ನೋಡಿದ್ದ ಸಾಲನ್ನು ಕೆಳಗೆ ನಿಧಾನವಾಗಿ ಇಳಿಸಿದರು: ಅಳತೆ ತಾಳೆಯಾಗಿದೆ.

ಸಹಿ ಮಾತ್ರ ಅರ್ಧ ಹಾಳೆ ತಿಂದಿತು.