ಬಿಳಿ ಹತ್ತಿಯಲ್ಲಿ ಬಿಳಿ ವಿಮಾನ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದ ಮೇಲಿನ ಮೊದಲ ಭಾನುವಾರ. ಇಷ್ಟು ಖಚಿತ. ಇನ್ನು ಮುಂದೆ ಹೇಳುವುದರಲ್ಲಿ ಕೆಲವು ನಾನು ಕಂಡದ್ದು, ಕೆಲವು ಆಮೇಲೆ ಕೇಳಿದ್ದು. ಎರಡೂ ತಲೆಯಲ್ಲಿ ಕಲೆತುಹೋಗಿವೆ. ಕಲಬುರಗಿಯಲ್ಲಿ ಎಂ.ಎಸ್ಸಿ ಓದುವಾಗಿನಿಂದ ಪುರಾವೆ ಇಲ್ಲದ ಮಾತನ್ನು ನಂಬುವುದು ನನ್ನಿಂದಾಗುವುದಿಲ್ಲ. ನನ್ನ ನೆನಪನ್ನಂತೂ ಎಲ್ಲಕ್ಕಿಂತ ಕಡಿಮೆ ನಂಬುತ್ತೇನೆ.

ಹತ್ತಿ ಜಿನ್ನಿಂಗ್ ಮಿಲ್ಲುಗಳಲ್ಲಿ ಗಾಡಿ ಸಮೇತ ತೂಗುವ ವೇಬ್ರಿಜ್‌ಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಮನೆ ಯಾದಗಿರಿಯಲ್ಲಿ. ಆದರೆ ಮನೆಯಲ್ಲಿ ಕೂರುವ ಜಾಯಮಾನ ನನ್ನದಲ್ಲ. ಇವತ್ತು ಶಹಾಪುರ, ನಾಳೆ ಸುರಪುರ, ನಡುವೆ ಎಲ್ಲಿ ತೂಕ ತಪ್ಪಾಗಿ ಬಂತೆಂದು ಫೋನ್ ಬರುತ್ತದೋ ಅಲ್ಲಿಗೆ. ಬೈಕಿನ ಮುಂದೆ ಲ್ಯಾಪ್‌ಟಾಪ್ ಚೀಲ, ಹಿಂದೆ ಉದ್ದನೆಯ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಥರ್ಮಾಕೋಲಿನಂಥ ಹಗುರ ಹಾಳೆಯಿಂದ ನಾನೇ ಕಟ್ಟಿದ, ರಿಮೋಟಿನಿಂದ ಹಾರುವ ವಿಮಾನ. ರಂಗಂಪೇಟೆಯ ಚಹಾ ಅಂಗಡಿಯವನು ಪ್ರತಿ ಸಲವೂ ಕೇಳುತ್ತಿದ್ದ: "ಸರ, ಇವತ್ತರ ಹಾರ್‍ಯಾದೋ, ಇಲ್ಲಾ ಬರೇ ಬೈಕಿನ ಮ್ಯಾಗ ತಿರುಗ್ಯಾದೋ?"

ಆ ಭಾನುವಾರ ಮಧ್ಯಾಹ್ನ ನಾನು ದೋರನಹಳ್ಳಿಯಲ್ಲಿದ್ದೆ. ಅಲ್ಲಿನ ಶಾಲೆಯ ದೇವಪ್ಪ ಮಾಸ್ತರರು ನನ್ನ ಸ್ನೇಹಿತರು. ಹೆಸರುಕಾಳಿನ ರಾಶಿ ಮುಗಿದು ಖಾಲಿ ಬಿದ್ದಿದ್ದ ಅವರ ಹೊಲದಲ್ಲಿ ವಿಮಾನ ಹಾರಿಸುತ್ತಿದ್ದೆ. ಸೂರ್ಯ ಪಡುವಣಕ್ಕೆ ವಾಲಿದ್ದ. ಜೋರು ಗಾಳಿಯೊಂದು ವಿಮಾನವನ್ನು ಎತ್ತಿಹಾಕಿತು, ಬಿಸಿಲು ಕಣ್ಣಿಗೆ ಹೊಡೆಯಿತು. ಮತ್ತೆ ಕಣ್ಣು ಬಿಡುವಷ್ಟರಲ್ಲಿ ಅದು ಜಾಲಿಗಿಡಗಳ ಸಾಲಿನಾಚೆ ಇಳಿದುಹೋಗಿತ್ತು.

ಓಡಿ ಹೋಗಿ ನೋಡಿದರೆ ದಾರಿಯ ಬದಿಯಲ್ಲಿ ಮುರಿದ ಒಂದು ರೆಕ್ಕೆ ಮಾತ್ರ ಸಿಕ್ಕಿತು. ಒಂದು ಪಕ್ಕ ಹತ್ತಿ ಬಿಡಿಸಿದ ಹೊಲ, ಇನ್ನೊಂದು ಪಕ್ಕ ಕಾಲುವೆ. ದೂರದಲ್ಲಿ ಟ್ರಾಕ್ಟರಿನ ಸದ್ದು.

"ಕಾಲುವ್ಯಾಗ ಹೋಗ್ಯಾದ ಬಿಡ್ರಿ. ಮೀನ ಹಾರಿಸ್ಲಿ ಇನ್ನ" ಎಂದರು ಮಾಸ್ತರರು.

ನಗು ಬರಲಿಲ್ಲ. ಗಿಡಗಳ ಸಂದಿಯಲ್ಲಿ ಕೆಂಪು ಟ್ರಾಲಿ, ಅದರ ಮೇಲೆ ಬೆಟ್ಟದಂತೆ ಹತ್ತಿ, ಅದರೊಳಗೆ ವಿಮಾನ ಮುಳುಗುವುದು, ಇದೆಲ್ಲ ಕಂಡಂತೆ ಅನಿಸುತ್ತಿತ್ತು. ವಿಮಾನ ಹೋದರೆ ಹೋಗಲಿ, ಇನ್ನೊಂದು ಕಟ್ಟಬಹುದು. ಆದರೆ ಅದರ ಹೊಟ್ಟೆಯಲ್ಲಿ ಲಿಥಿಯಂ ಬ್ಯಾಟರಿ ಇತ್ತು. ಪೆಟ್ಟು ತಿಂದ ಅಂಥ ಬ್ಯಾಟರಿ ಸುಮ್ಮನೆ ಬಿದ್ದಿದ್ದು, ಎಷ್ಟೋ ಹೊತ್ತಿನ ಮೇಲೆ ತಾನಾಗಿ ಹೊತ್ತಿಕೊಳ್ಳಬಹುದು. ನಮ್ಮ ಕಡೆ ಟ್ರಾಲಿ ತುಂಬುವಾಗ ಆಳುಗಳು ಮೇಲೇರಿ, ಇನ್ನಷ್ಟು ಹಿಡಿಯಲೆಂದು ಕಾಲಿನಿಂದ ಹತ್ತಿಯನ್ನು ಗಟ್ಟಿಯಾಗಿ ತುಳಿಯುತ್ತಾರೆ. ಬಿಳಿ ಹತ್ತಿಯಲ್ಲಿ ಬಿಳಿ ವಿಮಾನ ಅವರ ಕಣ್ಣಿಗೆ ಎಲ್ಲಿ ಬಿದ್ದೀತು!

ಇದನ್ನು ಹೇಳಿದಾಗ ಮಾಸ್ತರರ ಮುಖ ಬದಲಾಯಿತು. ಆ ದಿನ ಅತ್ತ ಹತ್ತಿ ತುಂಬಿದ್ದು ಎರಡೇ ಟ್ರಾಲಿ ಎಂದು ಅವರಿಗೆ ಗೊತ್ತಿತ್ತು. ಕೆಂಪು ಟ್ರಾಲಿ ನೇರ ಶಹಾಪುರದ ಮಿಲ್ಲಿಗೆ ಹೋಗಿತ್ತು. ಆ ಮಿಲ್ಲಿನ ತೂಕದ ಕಾಟಾ ನೋಡುವವನು ನನಗೆ ಪರಿಚಯ. ಫೋನ್ ಮಾಡಿ, ಆ ಹತ್ತಿಯನ್ನು ಬೇರೆಯಾಗಿ ಬಯಲಲ್ಲಿ ಸುರಿದು ನೋಡಲು ಬೇಡಿಕೊಂಡೆ. ಕಾದೆವು. ಅವನೇ ತಿರುಗಿ ಫೋನ್ ಮಾಡಿದ: "ಪೂರಾ ಹರವಿ ನೋಡೇವ್ರಿ ಸರ. ಏನೂ ಇಲ್ಲ."

"ಆತಲ್ರಿ, ನೀವ ಕೆಂಪು ಅಂದ್ರಿ, ಕೆಂಪಿನ್ಯಾಗ ಇಲ್ಲ. ಕಾಲುವ್ಯಾಗ ಹೋಗಿದ್ದ ಖರೆ" ಎಂದು ಮಾಸ್ತರರು ಉಸಿರುಬಿಟ್ಟರು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಕೆಂಪೆಂಬುದನ್ನು ನಾನು ಕಂಡೆನೋ, ಆಮೇಲೆ ಕಟ್ಟಿಕೊಂಡೆನೋ? ಬಣ್ಣ ಸುಳ್ಳಾಗಿ ಟ್ರಾಲಿ ನಿಜವಾಗಿದ್ದರೆ? ಇನ್ನೊಂದನ್ನೂ ನೋಡದೆ ನಾನು ಯಾದಗಿರಿಗೆ ಹೋಗುವುದಿಲ್ಲ ಎಂದೆ.

ಎರಡನೆಯ ಟ್ರಾಲಿ ಅದೇ ಊರೊಳಗಿನ ಶಾಂತಮ್ಮ ಎಂಬವರ ಮನೆಯದು. ಬಾಗಿಲಲ್ಲಿ ನಿಂತಿದ್ದ ಖಾಲಿ ಟ್ರಾಲಿ ಅಚ್ಚ ಹಸಿರು. ದರ ಏರಲೆಂದು ಅವರು ಹತ್ತಿಯನ್ನು ಪಡಸಾಲೆಯಲ್ಲೇ ಜಂತಿಗೆ ಮುಟ್ಟುವಂತೆ ಒಟ್ಟಿದ್ದರು. ಪಕ್ಕದ ಕೋಣೆಯಲ್ಲಿ ಬಾಣಂತಿ ಮಗಳು, ತೊಟ್ಟಿಲಲ್ಲಿ ಕೂಸು. ನಾನು ವಿಷಯ ಹೇಳಿದೆ.

"ನನ್ನ ಹತ್ತ್ಯಾಗ ನಿನ್ನ ಇಮಾನ ಇಳದಾದೇನು?" ಶಾಂತಮ್ಮ ಸೆರಗು ಬಾಯಿಗಿಟ್ಟು ನಕ್ಕರು. "ಯಾರರ ಕುಂತಾರೇನ್ ನೋಡು ಅದರಾಗ, ಚಾ ಮಾಡ್ತೀನಿ."

"ಯಕ್ಕಾ, ನಗೂ ಮಾತಲ್ಲಿದು. ಅದರ ಬ್ಯಾಟರಿ ಬೆಂಕಿ ಹತ್ತತಾದ. ಹತ್ತಿ ಪೂರಾ ಹೊರಗ ಹಾಕಬೇಕು."

ನಗು ನಿಂತಿತು. "ನೀ ಕಣ್ಣಲೆ ಕಂಡೀ ಏನು, ನನ್ನ ಗಾಡ್ಯಾಗ ಬಿದ್ದದ್ದು?"

ಹೌದು ಎಂದಿದ್ದರೆ ಸುಲಭವಾಗುತ್ತಿತ್ತು. "ಕಂಡಂಗ ಅನಸ್ತದ. ಆದ್ರ ನಾ ಕಂಡದ್ದು ಕೆಂಪು ಗಾಡಿ" ಎಂದೆ.

"ಅನಸೂದಕ್ಕ ನನ್ನ ಮನಿ ಖಾಲಿ ಮಾಡ್ಲೇನೋ ತಮ್ಮಾ? ದಿನಾ ಪೂರಾ ಬಿಡಿಸಿ, ಹೊತ್ತು, ತುಳದು ತುಂಬೇವಿ. ಮೈ ಕೈ ಎಲ್ಲಾ ಬಿದ್ದು ಹೋಗ್ಯಾವ."

"ನಿಮ್ಮನ್ನ ಮುಟ್ಟಗೊಡಂಗಿಲ್ಲ. ನಾನ ಹೊರಗ ಹಾಕ್ತೀನಿ, ನಾನ ತಿರುಗಿ ಒಟ್ತೀನಿ. ಸಿಗಲಿಲ್ಲಂದ್ರ ಬಾಯಿಗೆ ಬಂದಂಗ ಬೈರಿ. ಆದ್ರ ನೋಡದ ನಾ ಹೋಗಂಗಿಲ್ಲ. ಮೊದಲ ಕೂಸಿನ ಹೊರಗ ತರ್ರಿ."

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಒಳಗೆ ತಿರುಗಿ, "ಏ ಸುನೀತಾ, ಕೂಸಿನ ತಗೊಂಡು ಎದುರು ಮನಿಗಿ ನಡಿ" ಎಂದರು.

ಬುಟ್ಟಿಯಲ್ಲಿ ಹೊತ್ತು ಹಾಕತೊಡಗಿದೆ. ಮಾಸ್ತರರು ಅಂಗಿ ಬಿಚ್ಚಿ ಕೈಹಚ್ಚಿದರು. ನನ್ನ ಬುಟ್ಟಿ ಹಿಡಿಯುವ ಚಂದ ನೋಡಲಾರದೆ ಶಾಂತಮ್ಮ ತಾವೂ ಸೆರಗು ಸಿಕ್ಕಿಸಿದರು. ಓಣಿಯ ಹೆಂಗಸರು ಬಂದರು. "ಇಮಾನದ ಟಿಕೀಟ ನಮಗೂ ಕೊಡಸ್ರಿ ಸರ" ಎಂದು ಒಬ್ಬರು, "ಮೊದಲ ಡ್ರೈವರ್‌ಗ ಬುಟ್ಟಿ ಹೊರೂದು ಕಲಸ್ರವಾ" ಎಂದು ಇನ್ನೊಬ್ಬರು. ಅರ್ಧ ಒಟ್ಟಿಲು ಖಾಲಿಯಾದರೂ ಏನೂ ಇಲ್ಲ. ಹೊತ್ತು ಮುಳುಗುತ್ತಿತ್ತು. ಬೈಗುಳ ಕೇಳುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೊರುತ್ತಲೇ ಇದ್ದೆ.

ಆಗ ಶಾಂತಮ್ಮ ಒಮ್ಮೆಲೆ ಕೈ ಹಿಂದಕ್ಕೆಳೆದುಕೊಂಡರು. "ಇಲ್ಲೇನೋ ಬೆಚ್ಚಗ ಅದ."

ಹೋಳಾದ ವಿಮಾನ ಅಲ್ಲಿತ್ತು. ಬ್ಯಾಟರಿ ಪೂರಿಯಂತೆ ಉಬ್ಬಿತ್ತು. ತಗಡಿನ ಪುಟ್ಟಿಯಲ್ಲಿ ಉಸುಕು ತರಿಸಿ ಅದರಲ್ಲಿಟ್ಟು, ಎಲ್ಲರನ್ನೂ ದೂರ ಸರಿಸಿ, ಬಯಲಿಗೆ ಒಯ್ದು ಇಟ್ಟು ಬಂದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಬುಸ್ ಎಂದು ಬಿಳಿ ಹೊಗೆ ಎದ್ದಿತು, ಅದರ ಹಿಂದೆಯೇ ಮೊಣಕಾಲೆತ್ತರದ ಬೆಂಕಿ.

ಶಾಂತಮ್ಮ ಎದುರು ಮನೆಯ ಕಟ್ಟೆಯ ಮೇಲೆ ಕೂಸನ್ನು ಹಿಡಿದು ಕುಳಿತಿದ್ದ ಮಗಳ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಮೊದಲು ಬೈದದ್ದು ಅವರೇ: "ಇಂಥಾದ್ದು ತಲಿ ಮ್ಯಾಗ ಹಾರಸ್ತೀಯಲ್ಲೋ, ಬುದ್ಧಿ ಅದನ ನಿನಗ?" ಆಮೇಲೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಒಟ್ತೀನಿ ಅಂದಿದ್ದಿಯಲ್ಲಾ. ಒಟ್ಟು" ಎಂದರು. ಒಟ್ಟಿದೆ. ತುಳಿಯುವುದನ್ನೂ ಕಲಿಸಿದರು.

ಈಗಲೂ ಹಾರಿಸುತ್ತೇನೆ, ಹತ್ತಿಯ ದಿನಗಳಲ್ಲಿ ಮಾತ್ರ ಇಲ್ಲ. ವಿಮಾನಕ್ಕೆ ಕಡುಕೆಂಪು ಬಣ್ಣ ಬಳಿದಿದ್ದೇನೆ. ಶಹಾಪುರದ ದಾರಿಯಲ್ಲಿ ಶಾಂತಮ್ಮನವರ ಮನೆಗೆ ಹೋದಾಗ ಮಾತು ಆ ದಿನಕ್ಕೆ ಬಂದೇ ಬರುತ್ತದೆ. ಕೂಸನ್ನು ಹೊರಗೆ ತನ್ನಿ ಎಂದಾಗ ನಾನು ಅಳುತ್ತಿದ್ದೆನಂತೆ, ಅದನ್ನು ಕಂಡೇ ತಾವು ಮನೆ ಖಾಲಿ ಮಾಡಿಸಿದ್ದು ಎನ್ನುತ್ತಾರೆ ಅವರು. ಓಣಿಯವರೂ ಹಾಗೆಯೇ ಹೇಳುತ್ತಾರೆ. ಅತ್ತದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಆದರೆ ಹಸಿರು ಟ್ರಾಲಿ ಈಗಲೂ ನನ್ನ ತಲೆಯಲ್ಲಿ ಕೆಂಪಾಗಿಯೇ ಇದೆ. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ಅವರನ್ನೇ ನಂಬುತ್ತೇನೆ.